ಗಣಿ ನಿಂತ ಊರಿನಲ್ಲಿ ಕಸಬು

ಬೆಳಗಿನ ಜಾವದಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದ ಮಾರಿಕುಪ್ಪಂ ನಿಲ್ದಾಣಕ್ಕೆ ಹೋಗಿ ನಿಂತರೆ, ಒಂದು ಊರಿಗೆ ಊರೇ ಮನೆ ಬಿಟ್ಟು ಹೊರಡುವಂತೆ ತೋರುತ್ತದೆ. ಇನ್ನೂ ಕತ್ತಲೆ ಹರಿದಿರುವುದಿಲ್ಲ. ಕೈಯಲ್ಲಿ ಊಟದ ಡಬ್ಬಿ ಹಿಡಿದ ಗಂಡಸರು, ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ ಹಾಕಿಕೊಂಡ ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು ಬಂಡಿಯನ್ನು ತುಂಬುವರು. ಉರಿಗಾಂ, ಕೋರಮಂಡಲ್ ಮುಂತಾದ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆ ತಲುಪುವಷ್ಟರಲ್ಲಿ ಕುಳಿತುಕೊಳ್ಳಲು ಸ್ಥಳವಿರದು. ಇವರೆಲ್ಲ ಬೆಂಗಳೂರಿಗೆ ಹೋಗಿ, ದಿನವೆಲ್ಲ ದುಡಿದು, ರಾತ್ರಿ ಅದೇ ದಾರಿಯಲ್ಲಿ ಹಿಂದಿರುಗುವರು. ಮರುದಿನವೂ ಹಾಗೆಯೇ. ಶ್ರೋತೃಗಳಲ್ಲಿ ಅನೇಕರು ಬೆಂಗಳೂರಿನ ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಇವರನ್ನು ಕಂಡಿರುವಿರಿ. ಇವರು ಬೆಳಗಿನ ಜಾವಕ್ಕೇ ಎದ್ದು ಬಂದವರೆಂಬುದು ಮಾತ್ರ ತಿಳಿದಿರಲಾರದು.

ಒಂದು ಕಾಲದಲ್ಲಿ ಈ ದಾರಿಯ ಪ್ರವಾಹವು ತಿರುಗುಮುರುಗಾಗಿದ್ದಿತು. ಉದ್ಯೋಗ ಬೇಕಾದವರು ಗಣಿಯ ಕಡೆಗೆ ಬರುತ್ತಿದ್ದರೇ ಹೊರತು ಅಲ್ಲಿಂದ ಹೊರಗೆ ಹೋಗುತ್ತಿರಲಿಲ್ಲ. ಆ ಪ್ರವಾಹವು ಹೇಗೆ ತಿರುಗಿತು, ತಿರುಗಿದಾಗ ಅಲ್ಲಿಯ ಜನರ ಕೈಯಲ್ಲಿದ್ದ ಕಸಬು ಏನಾಯಿತು, ಆ ಊರು ಮತ್ತೆ ತನ್ನ ಕಾಲಮೇಲೆ ನಿಲ್ಲಬೇಕಾದರೆ ಯಾರನ್ನು ಒಳಗೊಂಡು ನಿಲ್ಲಬೇಕು ಎಂಬ ವಿಚಾರವನ್ನು ಇಲ್ಲಿ ನಿಮ್ಮ ಮುಂದಿಡಲು ಯತ್ನಿಸುತ್ತೇನೆ. ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಇಂತಹ ಪ್ರಶ್ನೆಗಳು ಬಹುವಾಗಿ ಚರ್ಚಿತವಾಗಿವೆ. ಆದರೆ ನಮ್ಮ ನಾಡಿನಲ್ಲಿಯೇ, ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರು ದೂರದಲ್ಲಿ, ಈ ಪ್ರಶ್ನೆಗೆ ಒಂದು ಊರೇ ನಿದರ್ಶನವಾಗಿ ನಿಂತಿರುವಾಗ ಗ್ರಂಥಗಳನ್ನು ಆಮೇಲೆ ನೋಡಬಹುದು.

ಅಲ್ಲಿಯ ನೆಲದಲ್ಲಿ ಚಿನ್ನವುಂಟೆಂಬುದು ಹಿಂದಿನಿಂದಲೂ ಗೊತ್ತಿದ್ದ ಸಂಗತಿ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ಸೀಮೆಯ ಎಲ್ಲೆಗಳನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯು 1802ರಲ್ಲಿ, ಈ ಭಾಗದ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಣ್ಣಾರೆ ಕಂಡನು. ಮುಕ್ಕಾಲು ಶತಮಾನ ಕಳೆದ ಮೇಲೆ, 1875ರಲ್ಲಿ, ಲೆವೆಲ್ ಎಂಬ ಮಾಜಿ ಸೈನಿಕನಿಗೆ ಗಣಿ ತೋಡಲು ಅಪ್ಪಣೆ ದೊರೆಯಿತು. ಅವನ ಕೈಯಲ್ಲಿ ಬಂಡವಾಳವಿರಲಿಲ್ಲ. 1880ರಿಂದ ಲಂಡನ್ನಿನ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ ಮೇಲೆಯೇ ಕೆಲಸವು ವೃದ್ಧಿಗೆ ಬಂದಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಎಂಬ ಹೆಸರಿನ ಗಣಿಗಳು ಒಂದರ ಪಕ್ಕದಲ್ಲೊಂದು ಎದ್ದವು.

ಇಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಸಾಮಾನ್ಯವಾಗಿ ಊರು ಮೊದಲು, ಕೈಗಾರಿಕೆ ಆಮೇಲೆ. ಇಲ್ಲಿ ಗಣಿಯೇ ಮೊದಲು. ಊರು ಅದರ ನೆರಳು. ಬೌರಿಂಗ್‌ಪೇಟೆಯೆಂದು ಆಗ ಕರೆಯುತ್ತಿದ್ದ ಬಂಗಾರಪೇಟೆಯಿಂದ 1894ರಲ್ಲಿ ರೈಲು ಬಂದದ್ದು ಗಣಿಗಾಗಿ. ಬೇತಮಂಗಲದಲ್ಲಿ ಪಾಲಾರ್ ನದಿಯ ನೀರನ್ನು ಹಿಡಿದು ಕೊಳವೆಗಳಲ್ಲಿ ತಂದದ್ದು ಗಣಿಗಾಗಿ. 1902ನೆಯ ಇಸವಿಯ ಜೂನ್ ತಿಂಗಳಲ್ಲಿ ಶಿವನಸಮುದ್ರದ ಕಾವೇರಿಯಿಂದ 92 ಮೈಲಿ ದೂರ ತಂತಿ ಎಳೆದು ವಿದ್ಯುಚ್ಛಕ್ತಿಯನ್ನು ಒದಗಿಸಿದ್ದು ಗಣಿಯ ಯಂತ್ರಗಳಿಗಾಗಿಯೇ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ರಾಜಧಾನಿಯ ಜನ ಎಣ್ಣೆಯ ದೀಪದಲ್ಲಿ ಓಡಾಡುತ್ತಿದ್ದಾಗ ಕೋಲಾರದ ಬೆಂಗಾಡಿನಲ್ಲಿ ನೆಲದ ಕೆಳಗೆ ವಿದ್ಯುಚ್ಛಕ್ತಿಯು ದುಡಿಯುತ್ತಿದ್ದಿತು. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ತೆಗೆದ ಚಿನ್ನದ ಮೇಲೆ ರಾಜಧನವು ಸಲ್ಲುತ್ತಿದ್ದಿತು. ನಮ್ಮ ಎಷ್ಟೋ ಕೆರೆ, ಶಾಲೆ, ರಸ್ತೆಗಳ ಅಡಿಗಲ್ಲಿನಲ್ಲಿ ಆ ಹಣದ ಪಾಲು ಸೇರಿದೆಯೆಂದರೆ ಅತಿಶಯೋಕ್ತಿಯಲ್ಲ. ಸುಮಾರು 120 ವರ್ಷಗಳಲ್ಲಿ ಅಲ್ಲಿಂದ ತೆಗೆದ ಚಿನ್ನವು 800 ಟನ್ನಿಗೂ ಮೇಲ್ಪಟ್ಟದ್ದು.

ಚಿನ್ನದ ಲೆಕ್ಕವು ಎಲ್ಲರಿಗೂ ಗೊತ್ತು. ಅದನ್ನು ತೆಗೆದ ಕೈಗಳ ವಿಚಾರಕ್ಕೆ ಬರೋಣ.

ಗಣಿಗೆ ಬಂದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಮುಂತಾದ ಕಡೆಗಳಿಂದ ಬಂದ ತಮಿಳು, ತೆಲುಗು ಮಾತನಾಡುವ ಬಡವರು. ಅವರಲ್ಲಿಯೂ ಹೆಚ್ಚಿನವರು ಊರೊಳಗೆ ಕಾಲಿಡಲು ಎಡೆಯಿಲ್ಲದೆ ಹೊಲಗೇರಿಗಳಲ್ಲಿ ಬಾಳಿದ್ದವರು. ಹಳ್ಳಿಯಲ್ಲಿ ಜಮೀನುದಾರನ ಜೀತಕ್ಕಿಂತ ನೆಲದಡಿಯ ಕತ್ತಲೆಯೇ ಲೇಸೆಂದು ಅವರು ಬಂದರು. ಮೇಲಧಿಕಾರದ ಕೆಲಸಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರ ಗಣಿಗಳಲ್ಲಿ ಪಳಗಿದವರು, ಇಟಲಿಯವರು, ಆಂಗ್ಲೋ-ಇಂಡಿಯನ್ನರು ಇದ್ದರು. ಅವರಿಗೆ ತೋಟದ ನಡುವೆ ಬಂಗಲೆಗಳು. ಕೂಲಿಕಾರರಿಗೆ ಬಿದಿರು ತಟ್ಟಿಯ ಗೋಡೆಯ ಸಾಲುಮನೆಗಳು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದುಡಿಯುವವರ ಸಂಖ್ಯೆ 20,000ಕ್ಕೂ ಮೇಲಿದ್ದಿತು.

ಅವರನ್ನು ಕಂಪೆನಿಯ ಪುಸ್ತಕಗಳಲ್ಲಿ ‘ಕೂಲಿ’ಗಳೆಂದು ಬರೆಯುತ್ತಿದ್ದರಾದರೂ ಅವರ ಕೆಲಸವು ಬರಿಯ ಮೈಬಲದ ಕೆಲಸವಾಗಿರಲಿಲ್ಲ. ನೆಲದಡಿ ಚಿನ್ನದ ಎಳೆಯು ಬೆಣಚುಕಲ್ಲಿನೊಳಗೆ ಓರೆಯಾಗಿ ಇಳಿದುಹೋಗುತ್ತದೆ. ಅದನ್ನು ಹಿಂಬಾಲಿಸಿ ಬಂಡೆಯನ್ನು ಕೊರೆಯಬೇಕು; ಎಷ್ಟು ಆಳ, ಯಾವ ಕೋನದಲ್ಲಿ ಕೊರೆದು ಮದ್ದು ತುಂಬಿದರೆ ಅದಿರು ಮಾತ್ರ ಬೀಳುವುದು, ಮೇಲಿನ ಬಂಡೆ ನಿಲ್ಲುವುದು ಎಂಬುದನ್ನು ಕೈಯೇ ಬಲ್ಲದು. ಅದಿರು ತೆಗೆದು ಬರಿದಾದ ಸ್ಥಳವು ಕುಸಿಯದಂತೆ ಮೊದಲು ಮರದ ದಿಮ್ಮಿಗಳನ್ನು, ತರುವಾಯ ಮೇಲಿನಿಂದ ಇಳಿಸಿದ ಗ್ರಾನೈಟು ಕಲ್ಲುಗಳನ್ನು ಒಂದರ ಮೇಲೊಂದು ಬಿಗಿಯಾಗಿ ಪೇರಿಸಿ ಗೋಡೆ ಕಟ್ಟುತ್ತಿದ್ದರು. ಸಾವಿರಾರು ಅಡಿಯ ಬಂಡೆಯ ಭಾರವನ್ನು ಹೊರುವ ಗೋಡೆಯನ್ನು ಗಾರೆಯಿಲ್ಲದೆ, ಮಂದ ದೀಪದಲ್ಲಿ ಕಟ್ಟುವುದು ನಮ್ಮ ದೇವಸ್ಥಾನಗಳ ಶಿಲ್ಪಿಗಳೂ ಮೆಚ್ಚತಕ್ಕ ಕೆಲಸ.

ಕೋಲಾರದ ಗಣಿಗೆ ಬಂಡೆಸಿಡಿತವೆಂಬ ವಿಶೇಷ ವಿಪತ್ತೊಂದು ಇದ್ದಿತು. ಆಳದಲ್ಲಿ ಅದುಮಲ್ಪಟ್ಟ ಬಂಡೆಯು ಯಾವ ಎಚ್ಚರಿಕೆಯೂ ಇಲ್ಲದೆ ಸಿಡಿದು ಬೀಳುತ್ತದೆ. ಮೇಲಿನ ಮನೆಗಳ ಪಾತ್ರೆಗಳೂ ಭೂಕಂಪವಾದಂತೆ ಅಲುಗುತ್ತಿದ್ದವು. ಹಳೆಯ ಕೆಲಸಗಾರರು ಬಂಡೆಯನ್ನು ಸರಳಿನಿಂದ ತಟ್ಟಿ, ಅದು ಕೊಡುವ ನಾದದಿಂದಲೇ ಗಟ್ಟಿಯೋ ಟೊಳ್ಳೋ ಎಂದು ತಿಳಿಯುತ್ತಿದ್ದರು. ಗಣಿಯು ಕೊನೆಗೆ ಇಳಿದ ಆಳ ಸುಮಾರು 3,200 ಮೀಟರು. ಅಷ್ಟು ಕೆಳಗೆ ಬಂಡೆಯ ಉಷ್ಣತೆ 60 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ. ಗಾಳಿಯನ್ನು ತಂಪುಮಾಡಿ ಕೆಳಕ್ಕೆ ಕಳುಹಿಸಿದರೂ ಅಲ್ಲಿ ದುಡಿಯುವವನ ಮೈಯೆಲ್ಲ ನೀರು. ಇನ್ನು ಮೇಲೆ, ಜನರನ್ನು ತುಂಬಿದ ಪಂಜರವನ್ನು ಆ ಆಳಕ್ಕೆ ಇಳಿಸಿ ಎತ್ತುವ ಯಂತ್ರದ ಚಾಲಕನಿದ್ದನು. ಗಂಟೆಯ ಸಂಜ್ಞೆಯೇ ಅವನಿಗೆ ಕಣ್ಣು. ಅದಿರನ್ನು ಕುಟ್ಟಿ ಪುಡಿಮಾಡಿ, ಸೈನೈಡಿನ ದ್ರಾವಣದಲ್ಲಿ ಕರಗಿಸಿ, ಟನ್ನೊಂದಕ್ಕೆ ಕೆಲವೇ ಗ್ರಾಮು ಚಿನ್ನವನ್ನು ಬೇರ್ಪಡಿಸುವವರು ಇದ್ದರು. ಇವೆಲ್ಲವನ್ನೂ ನಡೆಸಲು ಫಿಟ್ಟರು, ಟರ್ನರು, ಕಮ್ಮಾರ, ಬಡಗಿ, ವಿದ್ಯುತ್ ಕೆಲಸಗಾರರ ದೊಡ್ಡ ದೊಡ್ಡ ಕಾರ್ಯಾಗಾರಗಳಿದ್ದವು.

ಈ ಕಸಬಿಗೆ ದೇಹವು ಕೊಟ್ಟ ಬೆಲೆಯನ್ನು ಮರೆಯಲಾಗದು. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಸೇರಿ ಅದನ್ನು ಕ್ರಮವಾಗಿ ಗಡುಸು ಮಾಡುವ ಸಿಲಿಕೋಸಿಸ್ ಎಂಬ ರೋಗವನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು ಇಲ್ಲಿಯೇ, 1930ರ ದಶಕದಲ್ಲಿ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಮೇಲ್ಪಟ್ಟು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಅದರ ಗುರುತು ಕಂಡಿತು. ಇಂತಹ ಕೆಲಸಗಾರರಿಗೆ ಕಂಪೆನಿಯ ದೃಷ್ಟಿಯಲ್ಲಿ ಇದ್ದ ಸ್ಥಾನವನ್ನು 1930ನೆಯ ಇಸವಿಯ ಏಪ್ರಿಲ್ ತಿಂಗಳಿನ ಮುಷ್ಕರವು ತೋರಿಸುತ್ತದೆ. ಪ್ರತಿಯೊಬ್ಬನ ಬೆರಳಚ್ಚನ್ನು ತೆಗೆದು ದಾಖಲೆಯಲ್ಲಿಡುವೆವೆಂದು ಹೊಸ ನಿಯಮ ಬಂದಾಗ, ಇದು ಕಳ್ಳರಿಗೆ ಮಾಡುವ ಉಪಚಾರವೆಂದು ಸಾವಿರಾರು ಜನ ಕೆಲಸ ಬಿಟ್ಟು ಮೇಲೆ ನಿಂತರು. ಬೆರಳಿನ ಅಚ್ಚು ಪುಸ್ತಕದಲ್ಲಿ ಬೇಕು. ಅದೇ ಬೆರಳು ಬಲ್ಲ ವಿದ್ಯೆಯನ್ನು ಬರೆದಿಡುವ ಅಂಕಣವು ಆ ಪುಸ್ತಕದಲ್ಲಿ ಇರಲಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಗಣಿಗೆ ಒಂದು ಧರ್ಮವುಂಟು: ಅದು ತೆಗೆದಷ್ಟೂ ಬರಿದಾಗುತ್ತದೆ. ಮೊದಲಲ್ಲಿ ಟನ್ನು ಅದಿರಿನಲ್ಲಿ ಹತ್ತಾರು ಗ್ರಾಮು ಚಿನ್ನವಿದ್ದುದು ಕಡೆಗೆ ಮೂರು ನಾಲ್ಕು ಗ್ರಾಮಿಗೆ ಇಳಿಯಿತು. ಅದನ್ನು ತರಲು ಇಳಿಯಬೇಕಾದ ಆಳವು ಮಾತ್ರ ಏರುತ್ತಲೇ ಹೋಯಿತು. 1956ರಲ್ಲಿ ಮೈಸೂರು ಸರ್ಕಾರದವರು ಗಣಿಗಳನ್ನು ರಾಷ್ಟ್ರೀಕರಿಸಿದರು. 1962ರಲ್ಲಿ ಅವು ಕೇಂದ್ರ ಸರ್ಕಾರದ ವಶವಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ನಷ್ಟದ ಮೇಲೆ ನಷ್ಟ. 2001ನೆಯ ಇಸವಿಯ ಫೆಬ್ರವರಿ 28ರಂದು ಕೆಲಸವು ನಿಂತಿತು. ಆಗ ಉಳಿದಿದ್ದ ಕೆಲಸಗಾರರು ಮೂರು ಸಾವಿರಕ್ಕೂ ಹೆಚ್ಚು. ಪಂಪುಗಳು ನಿಂತಮೇಲೆ ಆ ಕಲ್ಲಿನ ಗೋಡೆಗಳ ನಡುವೆಯೆಲ್ಲ ನೀರು ತುಂಬಿಕೊಂಡಿತು.

ಗಣಿಯನ್ನು ಮುಚ್ಚಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ತೆಗೆಯುವ ವೆಚ್ಚವು ಸಿಗುವ ಚಿನ್ನದ ಬೆಲೆಯನ್ನು ಮೀರಿದ ಮೇಲೆ ಯಾರೂ ಬಹುಕಾಲ ನಡೆಸಲಾರರು. ತಪ್ಪು ಬೇರೆ ಎಡೆಯಲ್ಲಿದೆ. ಈ ದಿನ ಬರುವುದೆಂಬುದು ಇಪ್ಪತ್ತು ಮೂವತ್ತು ವರ್ಷ ಮುಂಚೆಯೇ ಲೆಕ್ಕ ಬಲ್ಲವರಿಗೆಲ್ಲ ಗೊತ್ತಿದ್ದಿತು. ಗೊತ್ತಿದ್ದ ಸಾವಿಗೆ ಉಯಿಲು ಬರೆಯದೆ ಹೋದಂತಾಯಿತು. ಜರ್ಮನಿಯ ರೂರ್ ಕಣಿವೆಯ ಕಲ್ಲಿದ್ದಲ ಗಣಿಗಳಿಗೂ ಇದೇ ಗತಿ ಬಂದಿತು. ಅಲ್ಲಿ ಇಳಿಗಾಲವು ತೋರಿದೊಡನೆಯೇ, 1965ರಲ್ಲಿ, ಗಣಿಗಳ ನಡುವೆ ಬೋಹುಮ್ ಎಂಬ ಊರಿನಲ್ಲಿ ವಿಶ್ವವಿದ್ಯಾನಿಲಯವೊಂದನ್ನು ತೆರೆದರು. 2007ರಲ್ಲಿ ಗಣಿಕೆಲಸವನ್ನು 2018ರೊಳಗೆ ಪೂರ್ತಿ ನಿಲ್ಲಿಸುವುದೆಂದು ನಿರ್ಧರಿಸಿ, ಆ ಹನ್ನೊಂದು ವರ್ಷಗಳಲ್ಲಿ ವಯಸ್ಸಾದವರಿಗೆ ವಿಶ್ರಾಂತಿವೇತನ, ಎಳೆಯರಿಗೆ ಬೇರೆ ಕಸಬಿನ ಶಿಕ್ಷಣ ಎಂದು ಏರ್ಪಡಿಸಿದರು. 2018ರ ಡಿಸೆಂಬರಿನಲ್ಲಿ ಕಡೆಯ ಗಣಿ ಮುಚ್ಚಿತು. ಅವರು ಹಣವಂತರು, ನಿಜ. ಅವರಲ್ಲಿಯೂ ಹಲವು ಊರುಗಳು ಇನ್ನೂ ಬಳಲುತ್ತಿರುವುದೂ ನಿಜ. ಆದರೂ ಹನ್ನೊಂದು ವರ್ಷದ ಮುನ್ಸೂಚನೆಗೆ ತಗಲುವ ವೆಚ್ಚವು ಅಷ್ಟೇನೂ ಹೆಚ್ಚಲ್ಲ.

ಗಣಿ ನಿಂತಾಗ ಕಸಬು ಏನಾಗುತ್ತದೆ? ಇಲ್ಲಿ ಒಂದು ವಿವೇಚನೆ ಅವಶ್ಯಕ. ಕೆಲವು ಕಸಬುಗಳು ಕೈಯೊಡನೆ ನಡೆದುಬರುತ್ತವೆ. ಕೆಲವು ಸ್ಥಳಕ್ಕೆ ಅಂಟಿಕೊಂಡಿರುತ್ತವೆ. ಗಣಿಯ ಕಾರ್ಯಾಗಾರದ ಫಿಟ್ಟರಿಗೆ, ವಿದ್ಯುತ್ ಕೆಲಸಗಾರನಿಗೆ ಬೆಂಗಳೂರಿನಲ್ಲಿಯೋ ಹೊಸೂರಿನಲ್ಲಿಯೋ ಕೆಲಸ ಸಿಗಬಹುದು. ಲೋಹವನ್ನು ಕಡೆಯುವ ಯಂತ್ರವು ಎಲ್ಲಿದ್ದರೂ ಒಂದೇ. ಪಂಜರದ ಯಂತ್ರವನ್ನು ನಡೆಸುವವನ ವಿದ್ಯೆಗೆ ಗಣಿಯೇ ಬೇಕು. ಕಲ್ಲಿನ ಗೋಡೆ ಕಟ್ಟುವವನಿಗೆ, ಬಂಡೆಯ ನಾದ ತಿಳಿಯುವವನಿಗೆ ಹೊರಗೆ ಬೆಲೆಯೇ ಇಲ್ಲ. ಗಣಿಗಳ ನಿಯಮದಂತೆ ಮೇಟ್, ಮದ್ದು ಸಿಡಿಸುವವನು, ಎತ್ತುಯಂತ್ರದ ಚಾಲಕ ಮುಂತಾದ ಕೆಲವರಿಗೆ ಪರೀಕ್ಷೆ ಮಾಡಿ ಯೋಗ್ಯತಾಪತ್ರ ಕೊಡುವುದುಂಟು. ಆ ಪತ್ರವೂ ಬೇರೆ ಗಣಿಯ ಬಾಗಿಲನ್ನಷ್ಟೇ ತೆರೆಯುತ್ತದೆ. ನಮ್ಮ ನಾಡಿನಲ್ಲಿ ಚಿನ್ನ ತೆಗೆಯುವ ಮತ್ತೊಂದು ದೊಡ್ಡ ಗಣಿಯೆಂದರೆ ದೂರದ ರಾಯಚೂರು ಜಿಲ್ಲೆಯ ಹಟ್ಟಿ. ಉಳಿದ ಸಾವಿರಾರು ಜನರ ಬಳಿ ಇದ್ದುದು ಇಪ್ಪತ್ತೈದು ಮೂವತ್ತು ವರ್ಷದ ಅನುಭವ, ಮತ್ತು ಯಾವ ಕಾಗದವೂ ಇಲ್ಲ. ಹೊರಗಿನ ಕಾರ್ಖಾನೆಯ ಬಾಗಿಲಿನಲ್ಲಿ ನಿಂತಾಗ ಅವರು ಮತ್ತೆ ‘ಕೂಲಿ’ಗಳೇ ಆದರು. ಅನೇಕರು ಕಾವಲುಗಾರರ ಅಂಗಿ ತೊಟ್ಟರು.

ಇದೇ ಗಣಿಯ ವಿದ್ಯೆಯು ಬೇರೆ ಕೆಲವರ ಕೈಯಲ್ಲಿ ಬೆಳೆದುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಮೀರಿದ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಭೌತವಿಜ್ಞಾನಿಗಳು ಜಪಾನು, ಇಂಗ್ಲೆಂಡುಗಳ ಸಹೋದ್ಯೋಗಿಗಳೊಡನೆ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಕಂಡುಹಿಡಿದರು. ಬಂಡೆಸಿಡಿತವನ್ನು ಕುರಿತು ಇಲ್ಲಿ ಸಂಗ್ರಹವಾದ ಅನುಭವದಿಂದ 1988ರಲ್ಲಿ ಬಂಡೆಗಳ ಬಲಾಬಲವನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದು ಇಲ್ಲಿಯೇ ಹುಟ್ಟಿತು. ದೇಶದ ಅಣೆಕಟ್ಟುಗಳಿಗೆ, ಸುರಂಗಗಳಿಗೆ ಅದರ ಸಲಹೆ ಬೇಕಾಯಿತು. ಅಂದಮೇಲೆ, ಆಳದ ಬಂಡೆಯ ಜ್ಞಾನಕ್ಕೆ ಲೋಕದಲ್ಲಿ ಬೆಲೆಯಿಲ್ಲವೆನ್ನುವಂತಿಲ್ಲ. ಬೆಟ್ಟಗಳನ್ನು ಕೊರೆದು ರೈಲುದಾರಿ ಹಾಕುತ್ತಿರುವ, ನಗರಗಳ ಕೆಳಗೆ ಸುರಂಗ ತೋಡುತ್ತಿರುವ ಕಾಲವಿದು. ಪದವಿಯಿದ್ದವನ ಜ್ಞಾನವು ಸುರಂಗದಿಂದ ಸುರಂಗಕ್ಕೆ ನಡೆಯಿತು. ಪದವಿಯಿಲ್ಲದವನದು ಅವನೊಡನೆ ತಟ್ಟಿಮನೆಯಲ್ಲಿ ಕುಳಿತುಬಿಟ್ಟಿತು. ಅನುಭವದಿಂದ ಬಂದ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರದವರು 2015ರ ಸುಮಾರಿಗೆ ಆರಂಭಿಸಿದರು. ಒಳ್ಳೆಯ ಏರ್ಪಾಡು. ಈ ಊರಿನ ಮಟ್ಟಿಗೆ ಹದಿನಾಲ್ಕು ವರ್ಷ ತಡವಾಯಿತು.

ಗಣಿಯ ಸಂಬಳ ನಿಂತರೆ ಗಣಿಯವನ ಮನೆಯೊಂದೇ ಬಡವಾಗುವುದಿಲ್ಲ. ಸಂಬಳದ ದಿನ ಅವನು ರಾಬರ್ಟ್‌ಸನ್‌ಪೇಟೆಯಲ್ಲಿಯೋ ಆಂಡರ್ಸನ್‌ಪೇಟೆಯಲ್ಲಿಯೋ ಅಕ್ಕಿ, ಬಟ್ಟೆ ಕೊಳ್ಳುತ್ತಿದ್ದನು. ಆ ಹಣದಲ್ಲಿ ಅಂಗಡಿಯವನು ದರ್ಜಿಗೆ ಕೊಟ್ಟನು, ದರ್ಜಿ ಮಗಳ ಪಾಠಕ್ಕೆ ಕೊಟ್ಟನು, ಮೇಷ್ಟರು ಹಾಲಿನವಳಿಗೆ ಕೊಟ್ಟರು. ಒಂದು ರೂಪಾಯಿ ಊರನ್ನು ಬಿಟ್ಟು ಹೋಗುವ ಮುಂಚೆ ನಾಲ್ಕಾರು ಮನೆಗಳ ಹೊಸ್ತಿಲನ್ನು ತುಳಿಯುತ್ತಿದ್ದಿತು. ಗಣಿಯೊಡನೆ ಅದರ ಆಸ್ಪತ್ರೆ, ಶಾಲೆ, ಆಟದ ಬಯಲು, ಬೀದಿಯ ನಿರ್ಮಲೀಕರಣ ಇವೂ ಸೊರಗಿದವು; ಏಕೆಂದರೆ ಪುರಸಭೆಯು ಮಾಡಬೇಕಾದ ಕೆಲಸವನ್ನು ಇಲ್ಲಿ ನೂರು ವರ್ಷ ಕಂಪೆನಿಯೇ ಮಾಡುತ್ತಿದ್ದಿತು. ಒಡೆಯನು ಒಬ್ಬನೇ ಆಗಿರುವ ಊರಿಗೆ ಇದು ದೊಡ್ಡ ಅಪಾಯ. 2011ರ ಜನಗಣತಿಯಲ್ಲಿ ಅಲ್ಲಿದ್ದ ಜನ ಒಂದೂವರೆ ಲಕ್ಷದಷ್ಟು. ಅವರೆಲ್ಲರೂ ಎದ್ದು ಹೋಗಿಬಿಡಲಿಲ್ಲ. ಮನೆ ಅಲ್ಲಿದೆ, ಹಿರಿಯರ ಗೋರಿಗಳು ಅಲ್ಲಿವೆ, ನಾಲ್ಕು ತಲೆಮಾರಿನ ಮಾತು ಅಲ್ಲಿದೆ. ಬೆಂಗಳೂರಿನ ಬಾಡಿಗೆಯನ್ನು ಕೊಡುವ ಶಕ್ತಿಯೂ ಇಲ್ಲ. ಆದಕಾರಣ ರೈಲು.

ರೈಲಿನ ವಿಚಾರವಾಗಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಹೋಗಲು ಎರಡು ಗಂಟೆಯ ಮೇಲೆ, ಬರಲು ಅಷ್ಟೇ. ನಿಲ್ದಾಣದಿಂದ ಕೆಲಸದ ಸ್ಥಳಕ್ಕೆ ಹೋಗುವುದನ್ನು ಬಿಟ್ಟರೂ ದಿನಕ್ಕೆ ನಾಲ್ಕೂವರೆ ಗಂಟೆ ಎನ್ನಿ. ವರ್ಷದಲ್ಲಿ 300 ದಿನ ಕೆಲಸವಿದ್ದರೆ 1,350 ಗಂಟೆಯಾಯಿತು. ಇಪ್ಪತ್ತನಾಲ್ಕರಿಂದ ಭಾಗಿಸಿದರೆ 56 ದಿನ ಬರುತ್ತದೆ. ಎಂದರೆ ಆ ಮನುಷ್ಯನು ವರ್ಷದಲ್ಲಿ ಎರಡು ತಿಂಗಳಿಗೆ ಸ್ವಲ್ಪ ಕಡಮೆ ಕಾಲವನ್ನು, ಹಗಲೂ ರಾತ್ರಿಯೂ ಸೇರಿ, ರೈಲಿನಲ್ಲಿ ಕಳೆಯುತ್ತಾನೆ. ಮೂವತ್ತು ವರ್ಷ ಹೀಗೆ ಹೋಗಿಬಂದರೆ ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು ಆಯುಷ್ಯವು ಅಲ್ಲಿಯೇ ಸವೆಯಿತು. ಇಷ್ಟಾದರೂ ಸಂಬಳವು ಮನೆಗೆ ಬರುತ್ತದೆ, ಮಕ್ಕಳು ಓದುತ್ತಾರೆ, ಊರು ಹಾಳುಬೀಳಲಿಲ್ಲ. ಅಷ್ಟರಮಟ್ಟಿಗೆ ಆ ರೈಲಿಗೆ ನಮಸ್ಕಾರ. ಆದರೆ ಹಾಗೆ ಹೋಗಲಾರದವರು ಯಾರೆಂಬುದನ್ನು ಗಮನಿಸಿ. ಕೈಗೂಸಿನ ತಾಯಿ ಹೋಗಲಾರಳು. ಧೂಳು ತಿಂದ ಎದೆಯುಳ್ಳ ಐವತ್ತರ ಗಂಡಸು ಹೋಗಲಾರನು. ವೃದ್ಧರನ್ನು ನೋಡಿಕೊಳ್ಳುವ ಮಗಳು ಹೋಗಲಾರಳು. ಇವರಿಗೆ ಊರಿನಲ್ಲಿಯೇ ಕೆಲಸ ಬೇಕು. ಇವರನ್ನು ಬಿಟ್ಟು ಊರಿನ ಆದಾಯವು ಏರಿತೆಂದರೆ, ಅದು ರೈಲು ಹತ್ತಬಲ್ಲವರ ಆದಾಯ ಮಾತ್ರ.

ಊರಿನಲ್ಲಿ ಬೇರೆ ಉದ್ಯೋಗವೇ ಬರಲಿಲ್ಲವೆಂದಲ್ಲ. ಮಣ್ಣು ಎತ್ತುವ ದೊಡ್ಡ ಯಂತ್ರಗಳು, ರೈಲ್ವೆ ಗಾಡಿಗಳು ಮುಂತಾದವನ್ನು ಮಾಡುವ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯು 1964ರಲ್ಲಿ ಸ್ಥಾಪಿತವಾಗಿ, ಅದರ ಕಾರ್ಖಾನೆಯೊಂದು ಗಣಿಯ ನೆರೆಯಲ್ಲಿಯೇ ನಿಂತಿತು. ಅದರಿಂದ ಆದ ಉಪಕಾರವು ದೊಡ್ಡದು. ಅಲ್ಲಿ ತರಬೇತಿ ಪಡೆದ ಹುಡುಗನ ಕಸಬು ಎಲ್ಲಿ ಬೇಕಾದರೂ ಸಲ್ಲುವಂಥದು. ಆದರೆ ಯಾವ ಕಾರ್ಖಾನೆಗೇ ಆಗಲಿ, ಇಪ್ಪತ್ತು ಸಾವಿರ ಮನೆಗಳ ಭಾರವನ್ನು ಹೊರುವ ಶಕ್ತಿಯಿರದು. ಈಗಿನ ಕಾರ್ಖಾನೆಗಳಲ್ಲಿ ಖಾಯಂ ನೌಕರರು ಕಡಮೆಯಾಗಿ ಗುತ್ತಿಗೆಯವರು ಹೆಚ್ಚುತ್ತಿರುವುದೂ ಎಲ್ಲೆಡೆಯ ಅನುಭವ.

ಪ್ರಕೃತದಲ್ಲಿ ಊರಿನ ಮುಂದೆ ಮೂರು ದಾರಿಗಳು ಕಾಣುತ್ತಿವೆ. ಒಂದು, ಸೈನೈಡ್ ದಿಬ್ಬಗಳು. ಚಿನ್ನ ತೆಗೆದು ಬಿಸುಟ ಅದಿರಿನ ಪುಡಿಯು ನೂರು ವರ್ಷದಲ್ಲಿ ಬೆಟ್ಟಗಳಂತೆ ಬೆಳೆದಿದೆ. ಬೇಸಗೆಯ ಗಾಳಿಗೆ ಅದರ ಧೂಳೆದ್ದು ಅನ್ನದ ತಟ್ಟೆಯವರೆಗೆ ಬರುತ್ತದೆ. (2018ರಲ್ಲಿಯೂ 2022ರಲ್ಲಿಯೂ ತೆರೆಗೆ ಬಂದ, ಊರಿನ ಹೆಸರನ್ನೇ ಹೊತ್ತ ಚಲನಚಿತ್ರಗಳನ್ನು ನೋಡಿ ಬೆರಗಾದವರು, ಆ ದಿಬ್ಬಗಳ ಬುಡದಲ್ಲಿ ಸಂಸಾರ ಮಾಡುವವರ ಕೆಮ್ಮನ್ನೂ ಒಮ್ಮೆ ಕೇಳಬೇಕು.) ಆ ಪುಡಿಯಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ. 13 ದಿಬ್ಬಗಳ ಸುಮಾರು 3 ಕೋಟಿ 30 ಲಕ್ಷ ಟನ್ನು ಪುಡಿಯಿಂದ ಅದನ್ನು ತೆಗೆಯಬಹುದೆಂಬ ಕೇಂದ್ರದ ಸಲಹೆಗೆ ಕರ್ನಾಟಕದ ಮಂತ್ರಿಮಂಡಲವು 2024ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ವೃತ್ತಪತ್ರಿಕೆಗಳು ಗಣಿ ಮತ್ತೆ ತೆರೆಯಿತೆಂದು ಹಿಗ್ಗಿದವು. ಇಲ್ಲಿ ನಾನು ಶ್ರೋತೃಗಳನ್ನು ಸ್ವಲ್ಪ ಎಚ್ಚರಿಸಬೇಕಾಗಿದೆ. ದಿಬ್ಬವನ್ನು ಅಗೆಯುವುದು ಗಣಿಗೆ ಇಳಿಯುವುದಲ್ಲ. ಅದು ಅಗೆಯುವ ಯಂತ್ರಗಳ, ಲಾರಿಗಳ, ರಾಸಾಯನಿಕ ತೊಟ್ಟಿಗಳ ಕೆಲಸ. ಅದಕ್ಕೆ ಬೇಕಾಗುವ ಕೈಗಳು ಸಾವಿರಾರಲ್ಲ. ಅಗೆಯುವಾಗ ಧೂಳು ಹೆಚ್ಚದಂತೆ ನೀರು ಸಿಂಪಡಿಸುವುದು, ಅಗೆದ ಮೇಲೆ ನೆಲವನ್ನು ಹಸುರುಮಾಡುವುದು, ನೀರನ್ನೂ ಗಾಳಿಯನ್ನೂ ಪರೀಕ್ಷಿಸುತ್ತಿರುವುದು ಇವನ್ನೂ ಗುತ್ತಿಗೆಯ ಕರಾರಿನಲ್ಲಿ ಸೇರಿಸಿದರೆ ಮಾತ್ರ ಸ್ಥಳೀಯರಿಗೆ ಬಹುಕಾಲದ ಉದ್ಯೋಗವಾದೀತು.

ಎರಡನೆಯದು ಭೂಮಿ. ಗಣಿಗೆ ಸೇರಿದ ಸಾವಿರಾರು ಎಕರೆಯಲ್ಲಿ ಚಿನ್ನವಿಲ್ಲದ ಮೂರು ಸಾವಿರಕ್ಕೂ ಮೇಲ್ಪಟ್ಟ ಎಕರೆಯನ್ನು ಕೈಗಾರಿಕೆಗಾಗಿ ಬಿಟ್ಟುಕೊಡಬೇಕೆಂದು ರಾಜ್ಯವು ಕೇಳಿಕೊಂಡಿತು. ಮೂರನೆಯದು ದಾರಿ. ಬೆಂಗಳೂರಿನಿಂದ ಮದ್ರಾಸಿಗೆ ಹಾಕುತ್ತಿರುವ ಹೊಸ ಹೆದ್ದಾರಿಯು ಊರಿನ ಸಮೀಪದಲ್ಲಿಯೇ ಹೋಗುತ್ತದೆ. ಹೊಸಕೋಟೆಯಿಂದ ಬೇತಮಂಗಲದವರೆಗಿನ ಭಾಗವು 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆಯಿತು. ಕೋಲಾರದ ಕಡೆ ನರಸಾಪುರ, ವೇಮಗಲ್ಲುಗಳಲ್ಲಿ ವಾಹನಗಳನ್ನೂ ದೂರವಾಣಿ ಯಂತ್ರಗಳನ್ನೂ ಜೋಡಿಸುವ ದೊಡ್ಡ ಕಾರ್ಖಾನೆಗಳು ಬಂದಿವೆ. ಅಲ್ಲಿಗೆ ಊರಿನ ಹೆಣ್ಣುಮಕ್ಕಳು ಬಸ್ಸುಗಳಲ್ಲಿ ಹೋಗಿಬರುವುದಕ್ಕೆ ಬೆಂಗಳೂರಿನಷ್ಟು ಹೊತ್ತು ಹಿಡಿಯದು.

ಆದರೆ ಕಾರ್ಖಾನೆ ಬಂದಮಾತ್ರಕ್ಕೆ ಪಕ್ಕದವನಿಗೆ ಕೆಲಸ ಬರುವುದಿಲ್ಲ. ಈ ಊರಿನವರು ಇದನ್ನು ಚೆನ್ನಾಗಿ ಬಲ್ಲರು. ಕಾರ್ಖಾನೆಯ ಗೋಡೆ ಏಳುವ ಎರಡು ವರ್ಷ ಮುಂಚೆ, ಅಲ್ಲಿ ಯಾವ ಯಂತ್ರ ಕೂರುವುದೋ ಅದೇ ಯಂತ್ರವು ಊರಿನ ತರಬೇತಿ ಶಾಲೆಯಲ್ಲಿ ಕೂತಿರಬೇಕು. ಸಾಮಾನ್ಯವಾಗಿ ನಡೆಯುವುದು ಬೇರೆ: ಶಾಲೆಯಲ್ಲಿ ಹಳೆಯ ಯಂತ್ರ, ಕಾರ್ಖಾನೆಯಲ್ಲಿ ಹೊಸದು, ನಡುವೆ ಹುಡುಗನ ಕೈಯಲ್ಲಿ ಒಂದು ಸರ್ಟಿಫಿಕೇಟು. 1961ರ ಅಪ್ರೆಂಟಿಸ್ ಕಾನೂನಿನಂತೆ ಕಾರ್ಖಾನೆಗಳು ಕಸಬು ಕಲಿಯುವವರನ್ನು ಭತ್ಯೆ ಕೊಟ್ಟು ಇಟ್ಟುಕೊಳ್ಳಬೇಕು. ಈ ಕಲಿಕೆಯು ಅಗ್ಗದ ಕೂಲಿಯಾಗಿ ಪರಿಣಮಿಸದೆ ನಿಜವಾದ ಕಲಿಕೆಯಾಗುವಂತೆ ನೋಡಿಕೊಳ್ಳಲು, ಗಣಿಯ ಕಾರ್ಯಾಗಾರಗಳಲ್ಲಿ ಪಳಗಿದ ಹಳಬರಿಗಿಂತ ಉತ್ತಮ ಪರೀಕ್ಷಕರು ಸಿಗಲಾರರು. ಅವರಲ್ಲಿ ಅನೇಕರು ಇನ್ನೂ ಇದ್ದಾರೆ. ಆದರೆ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ.

ದುಡಿಯಲಾರದವರ ಪಾಲೂ ಲೆಕ್ಕದಲ್ಲಿರಬೇಕು. ರಾಜಸ್ಥಾನದಲ್ಲಿ ಕಲ್ಲುಗಣಿಗಳ ಧೂಳಿನಿಂದ ರೋಗಿಗಳಾದವರನ್ನು ಗುರುತಿಸಿ, ಪರಿಹಾರವನ್ನೂ ಮಾಸಾಶನವನ್ನೂ ಕೊಡುವ ನೀತಿಯೊಂದು 2019ರಲ್ಲಿ ಬಂದಿದೆ. ಸಿಲಿಕೋಸಿಸ್ ಎಂಬ ಹೆಸರನ್ನು ದೇಶವು ಮೊದಲು ಕೇಳಿದ್ದೇ ಈ ಊರಿನಿಂದ. ದಿಬ್ಬಗಳ ಚಿನ್ನದಿಂದ ಬರುವ ರಾಜಧನದಲ್ಲಿ ಒಂದು ಭಾಗವನ್ನು ಇಲ್ಲಿಯ ಹಳೆಯ ಎದೆಗಳಿಗೆ ಮೀಸಲಿಡಬೇಕೆಂದು ಕೇಳಿದರೆ ಅದು ದಾನ ಕೇಳಿದಂತಾಗದು, ಬಾಕಿ ಕೇಳಿದಂತಾದೀತು.

ಮಾರಿಕುಪ್ಪಂ ನಿಲ್ದಾಣದಲ್ಲಿ ಒಂದು ಬೆಳಗ್ಗೆ ನನ್ನ ಪಕ್ಕದ ಬೆಂಚಿನಲ್ಲಿ ವಯಸ್ಸಾದ ಒಬ್ಬರು ಕುಳಿತಿದ್ದರು. ಮೊಮ್ಮಗಳನ್ನು ರೈಲಿಗೆ ಹತ್ತಿಸಲು ಬಂದವರು. ಪಂಜರದ ಯಂತ್ರ ನಡೆಸುತ್ತಿದ್ದರಂತೆ. “ಯಜಮಾನರೆ, ಈಗ ಯಾವ ಕೆಲಸ?” ಎಂದು ಕೇಳಿದೆ. ತಮಿಳು ಬೆರೆತ ಕನ್ನಡದಲ್ಲಿ, “ಕೆಲಸ ಏನಿದೆ ಸ್ವಾಮಿ, ಇವಳನ್ನು ಬೆಳಗ್ಗೆ ಕಳಿಸೋದು, ರಾತ್ರಿ ಕರಕೊಂಡು ಹೋಗೋದು” ಎಂದರು. ಮೊಮ್ಮಗಳು ಬೆಂಗಳೂರಿನಲ್ಲಿ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವಳು. ರಾತ್ರಿಯ ಬಂಡಿ ಎಷ್ಟು ಹೊತ್ತಿಗೆ ಬರುವುದೆಂದು ವಿಚಾರಿಸಿದೆ. ಅವರು ಗಡಿಯಾರವನ್ನು ನೋಡಲಿಲ್ಲ. ಬಂಗಾರಪೇಟೆಯಲ್ಲಿ ಎಷ್ಟು ಹೊತ್ತು ನಿಲ್ಲಿಸುವರು, ಯಾವ ದಿನ ತಡವಾಗುವುದು, ಕೋರಮಂಡಲಿನ ತಿರುವಿನಲ್ಲಿ ದೀಪ ಕಂಡಮೇಲೆ ಎಷ್ಟು ನಿಮಿಷಕ್ಕೆ ಇಲ್ಲಿಗೆ ಮುಟ್ಟುವುದು ಎಂಬುದನ್ನೆಲ್ಲ ಒಂದೊಂದಾಗಿ, ತಪ್ಪಿಲ್ಲದೆ ಹೇಳಿದರು.